ಮೂರನೆಯ ಆಯ್ಕೆಗಾಗಿ ಮೂರು ಮೊದಲ ಸುತ್ತು: ಒಂದು ಡ್ರಾಫ್ಟ್ ವ್ಯವಹಾರದ ಪ್ರಕರಣ ಅಧ್ಯಯನ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2021ರಿಂದ 2023ರವರೆಗೆ ನಡೆದ ಪ್ರಕರಣವಿದು. ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೆಯ ಆಯ್ಕೆಯನ್ನು ಪಡೆಯಲು ಒಂದು ತಂಡ ಇನ್ನೊಂದಕ್ಕೆ ತನ್ನ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತಿತು. ವ್ಯವಹಾರ ನಡೆಸಿದ ಎರಡು ತಂಡಗಳ ಹೆಸರನ್ನೂ ಅದರ ಸುತ್ತ ಬರುವ ಆಟಗಾರರ ಹೆಸರನ್ನೂ ಬಿಟ್ಟಿದ್ದೇನೆ. ಲೀಗನ್ನು ಬಲ್ಲವರಿಗೆ ಪತ್ತೆ ಹಚ್ಚಲು ನಿಮಿಷವೂ ಬೇಕಿಲ್ಲ. ಆದರೂ ಹೆಸರು ಬಂದೊಡನೆ ಅಭಿಮಾನಿಗಳ ಹಳೆಯ ಜಗಳವೂ ಜೊತೆಗೇ ಬಂದು ಕೂರುತ್ತದೆ, ನಿರ್ಧಾರಗಳನ್ನು ನೋಡುವ ಬದಲು ಆಸಾಮಿಗಳನ್ನು ನೋಡತೊಡಗುತ್ತೇವೆ. ಆದ್ದರಿಂದ ಮೂರನೆಯ ಆಯ್ಕೆಯನ್ನು ಪಡೆದ ತಂಡವನ್ನು ‘ಕೊಂಡ ತಂಡ’ ಎಂದೂ ಬಿಟ್ಟುಕೊಟ್ಟದ್ದನ್ನು ‘ಮಾರಿದ ತಂಡ’ ಎಂದೂ ಕರೆಯೋಣ. ಕೊಂಡ ತಂಡದಲ್ಲಿದ್ದ ಮೂವರು ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರರು, ಹಳಬ, ಹೊಸಬ ಮತ್ತು ಕಡೆಯವನು.

ಹಿನ್ನೆಲೆ

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಡ್ರಾಫ್ಟ್ ಮೊದಲಿಗೆ ವಿಚಿತ್ರವೆನಿಸುತ್ತದೆ. ಇಲ್ಲಿ ಕೂಗಿ ಬೆಲೆ ಏರಿಸುವುದಿಲ್ಲ. ಕಾಲೇಜು ಫುಟ್‌ಬಾಲ್ ಮುಗಿಸಿ ಬರುವ ಆಟಗಾರರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಈ ಸರದಿಯೂ ಒಂದು ಸ್ವತ್ತು. ಈ ವರ್ಷದ್ದನ್ನು ಮಾತ್ರವಲ್ಲ, ಬರಲಿರುವ ವರ್ಷಗಳದ್ದನ್ನೂ ವಿನಿಮಯ ಮಾಡಿಕೊಳ್ಳಬಹುದು.

ಮೇಲಿನ ಸರದಿಗೆ ತಂಡಗಳು ಮುಗಿಬೀಳುವುದು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗಾಗಿ. ದಾಳಿಯ ಪ್ರತಿ ಆಟವೂ ಅವನ ಕೈಯಿಂದಲೇ ಹೊರಡುತ್ತದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಕಾರ್ಮಿಕ ಒಪ್ಪಂದದ ಬಳಿಕ ಇದಕ್ಕೆ ಹಣದ ಕಾರಣವೂ ಸೇರಿತು. 2010ರಲ್ಲಿ ಮೊದಲ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್‌ಗೆ 5 ಕೋಟಿ ಡಾಲರ್ ಖಾತರಿ ಸಿಕ್ಕಿತ್ತು. ಹೊಸಬರ ಸಂಬಳಕ್ಕೆ ಮಿತಿ ಬಂದ ಮರುವರ್ಷ ಅದೇ ಸ್ಥಾನದಲ್ಲಿ ಆಯ್ಕೆಯಾದವನ ನಾಲ್ಕು ವರ್ಷದ ಇಡೀ ಒಪ್ಪಂದ ಸುಮಾರು 2.2 ಕೋಟಿ ಡಾಲರ್‌ನದು. ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿ ಇರುವ ಲೀಗಿನಲ್ಲಿ, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಗ್ಗಕ್ಕೆ ದೊರೆತರೆ ಉಳಿದ ಹಣವನ್ನು ಬೇರೆ ಸ್ಥಾನಗಳಿಗೆ ಸುರಿಯಬಹುದು. ಹಾಗಾಗಿ ಹೊಸಬನ ಒಪ್ಪಂದದ ಮೊದಲ ನಾಲ್ಕು ವರ್ಷಗಳೇ ಕಪ್ ಗೆಲ್ಲುವ ಕಾಲ ಎಂಬ ಲೆಕ್ಕ ಲೀಗಿನಲ್ಲಿ ಬೇರೂರಿತು.

ಸಮಸ್ಯೆ

ಕೊಂಡ ತಂಡ ದುರ್ಬಲವಾಗಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಆಡಿತ್ತು. ಕೊನೆಯ ಕಾಲುಭಾಗದಲ್ಲಿ 20–10ರ ಮುನ್ನಡೆಯಲ್ಲಿದ್ದು, 31–20ರಿಂದ ಸೋತಿತ್ತು. ಮುಂದಿನ ಋತುವಿನಲ್ಲಿ ಗಾಯಾಳುಗಳ ಸಾಲೇ ಬಿದ್ದು 6 ಗೆಲುವು, 10 ಸೋಲಿಗೆ ಕುಸಿಯಿತು. ಆ ಕುಸಿತದ ಫಲವಾಗಿ 2021ರ ಡ್ರಾಫ್ಟ್‌ನಲ್ಲಿ 12ನೆಯ ಸರದಿ ಕೈಗೆ ಬಂತು. ಇಂಥ ಬಲಿಷ್ಠ ತಂಡಕ್ಕೆ ಇಷ್ಟು ಮೇಲಿನ ಸರದಿ ಸಾಮಾನ್ಯವಾಗಿ ಸಿಗುವುದಿಲ್ಲ.

ಹಳಬ 2018ರಲ್ಲಿ ಐದು ವರ್ಷಕ್ಕೆ 13.75 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ್ದ. ಅವನು ಮೈದಾನದಲ್ಲಿದ್ದಾಗ ತಂಡ ಗೆಲ್ಲುತ್ತಿತ್ತು. ಅವನು ಮೈದಾನದಲ್ಲಿ ಇರುತ್ತಿರಲಿಲ್ಲ ಎಂಬುದೇ ತೊಡಕು. 2018ರಲ್ಲಿ ಮೂರೇ ಪಂದ್ಯ ಆಡಿ ಮಂಡಿಯ ಸ್ನಾಯುಬಂಧ ಹರಿದುಕೊಂಡ, 2020ರಲ್ಲಿ ಆಡಿದ್ದು ಆರು ಪಂದ್ಯ. ಇದರ ಜೊತೆಗೆ, ಇವನಿಂದ ಗೆಲ್ಲಬಹುದು, ಆದರೆ ಕೊನೆಯ ಮೆಟ್ಟಿಲು ಹತ್ತಿಸುವವನು ಇವನಲ್ಲ ಎಂಬ ಭಾವನೆ ಆಡಳಿತದಲ್ಲಿ ಬಲಿಯುತ್ತಿತ್ತು. ಅತೃಪ್ತಿ ಒಳ್ಳೆಯದೇ. ಆದರೆ ಅತೃಪ್ತಿಯಲ್ಲಿ ಪೇಟೆಗೆ ಹೊರಟವನ ಚೀಲದಲ್ಲಿ ಏನೇನು ಸೇರುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ.

ಮೊದಲ ತಿರುವು: ಸರದಿ ಮೊದಲು, ಆಟಗಾರ ಆಮೇಲೆ

2021ರ ಮಾರ್ಚ್ 26ರಂದು ಕೊಂಡ ತಂಡ 12ರಿಂದ 3ನೆಯ ಸ್ಥಾನಕ್ಕೆ ಏರಿತು. ಡ್ರಾಫ್ಟ್‌ಗೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಸಮಯವಿತ್ತು. ಪ್ರತಿಯಾಗಿ ಕೊಟ್ಟದ್ದು 12ನೆಯ ಆಯ್ಕೆ, 2022 ಮತ್ತು 2023ರ ಮೊದಲ ಸುತ್ತಿನ ಆಯ್ಕೆಗಳು, ಮೇಲೆ 2022ರ ಮೂರನೆಯ ಸುತ್ತಿನ ಒಂದು ಆಯ್ಕೆ.

ಬೆಲೆ ವಿಪರೀತವಾಯಿತೆಂದು ಅಂದು ಹಲವರು ಹುಬ್ಬೇರಿಸಿದರು. ನನಗೆ ಹಾಗೆ ಅನಿಸುವುದಿಲ್ಲ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡ ರೂಪಿಸಿದ ಅಂಕಪಟ್ಟಿಯೊಂದು ಇಂದಿಗೂ ಇಂಥ ಚೌಕಾಸಿಯ ಅಳತೆಗೋಲು. ಅದರಲ್ಲಿ 3ನೆಯ ಆಯ್ಕೆಗೆ 2200 ಅಂಕ, 12ನೆಯದಕ್ಕೆ 1200. ಅಂದರೆ ತುಂಬಬೇಕಾದ ಕಂದಕ 1000 ಅಂಕಗಳದ್ದು. ಕೊಟ್ಟ ಭವಿಷ್ಯದ ಎರಡು ಮೊದಲ ಸುತ್ತುಗಳೂ ಕೊನೆಗೆ 29ನೆಯ ಆಯ್ಕೆಗಳಾದವು. ಒಂದೊಂದಕ್ಕೆ 640 ಅಂಕ. ಮುಂದಿನ ವರ್ಷದ ಆಯ್ಕೆಯನ್ನು ಒಂದು ಸುತ್ತು ಕೆಳಗಿನದೆಂದು ಎಣಿಸುವ ರೂಢಿಯನ್ನೂ ಗಣಿಸಿದರೆ ದರ ಮಾರುಕಟ್ಟೆಯದೇ. 2012ರಲ್ಲಿ ವಾಷಿಂಗ್ಟನ್ ತಂಡ 6ರಿಂದ 2ಕ್ಕೆ ಏರಲು ಎರಡು ಭವಿಷ್ಯದ ಮೊದಲ ಸುತ್ತುಗಳ ಜೊತೆಗೆ ಅದೇ ವರ್ಷದ ಎರಡನೆಯ ಸುತ್ತನ್ನೂ ತೆತ್ತಿತ್ತು.

ನನ್ನ ತಕರಾರು ದಿನಾಂಕದ ಬಗ್ಗೆ. ಕೋವಿಡ್‌ನಿಂದಾಗಿ ಆ ವರ್ಷ ಆಟಗಾರರನ್ನೆಲ್ಲ ಒಂದೆಡೆ ಸೇರಿಸಿ ನಡೆಸುವ ಇಂಡಿಯಾನಾಪೊಲಿಸ್‌ನ ಪರೀಕ್ಷೆ ಎಂದಿನಂತೆ ನಡೆಯಲಿಲ್ಲ. ಆಯಾ ಕಾಲೇಜಿನ ಪ್ರದರ್ಶನ ದಿನಗಳೇ ಆಧಾರವಾದವು, ಅವೂ ಮಾರ್ಚ್ 26ಕ್ಕೆ ಮುಗಿದಿರಲಿಲ್ಲ. ಮೊದಲ ಎರಡು ಆಯ್ಕೆಗಳು ಯಾರು ಎಂಬುದು ಬಹುತೇಕ ಎಲ್ಲರ ಊಹೆಗೂ ಸಿಕ್ಕಿತ್ತು. ಮೂರನೆಯವನು ಯಾರೆಂಬುದನ್ನು ಕೊಂಡ ತಂಡವೇ ಇನ್ನೂ ತೀರ್ಮಾನಿಸಿರಲಿಲ್ಲ. ಆ ಸ್ಥಾನಕ್ಕೆ ಒಪ್ಪುವವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಾರೆ, ಹಾಗಾಗಿ ಚಿಂತೆಯಿಲ್ಲ ಎಂಬುದು ಆಡಳಿತದ ಧೋರಣೆ.

ಇದನ್ನು ಹಾಗೆಯೇ ತಿರುಗಿಸಿ ನೋಡಿ. ಮೂವರು ಬಹುತೇಕ ಸಮಾನರಾಗಿದ್ದರೆ, ಅವರಲ್ಲಿ ಮೊದಲು ಆರಿಸುವ ಹಕ್ಕಿಗೆ ಎರಡು ಹೆಚ್ಚುವರಿ ಮೊದಲ ಸುತ್ತು ಏಕೆ? ಆ ವರ್ಷ ಒಟ್ಟು ಐವರು ಕ್ವಾರ್ಟರ್‌ಬ್ಯಾಕ್‌ಗಳು ಮೊದಲ 15ರೊಳಗೆ ಹೋದರು. ನಾಲ್ಕನೆಯವನಿಗಾಗಿ ಇನ್ನೊಂದು ತಂಡ 20ರಿಂದ 11ಕ್ಕೆ ಏರಿತು, ಐದನೆಯವನು 15ನೆಯ ಸ್ಥಾನದವರೆಗೂ ಉಳಿದಿದ್ದ. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಡ್ರಾಫ್ಟ್‌ಗಳನ್ನು ಅಧ್ಯಯನ ಮಾಡಿದಾಗ ಕಂಡದ್ದೂ ಇದೇ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಮೇಲಾಗುವುದು ನೂರಕ್ಕೆ ಸುಮಾರು 52 ಸಲ ಮಾತ್ರ. ನಾಣ್ಯ ಚಿಮ್ಮುವುದಕ್ಕಿಂತ ಒಂದು ಕೂದಲೆಳೆ ಉತ್ತಮ. ಆದರೂ ತಂಡಗಳು ತಮ್ಮ ಕಣ್ಣನ್ನು ನಂಬಿ ತೆರುತ್ತಲೇ ಇರುತ್ತವೆ.

ತಡಮಾಡಿದ್ದರೆ ಬೇರೆ ತಂಡ ಆ ಸರದಿಯನ್ನು ಹೊಡೆದುಕೊಂಡು ಹೋಗುತ್ತಿತ್ತು ಎಂಬ ಸಮರ್ಥನೆ ಉಂಟು. ಅದು ಸುಳ್ಳಲ್ಲ. ಹಾಗೆ ಕೈತಪ್ಪಿದ್ದರೆ ನಷ್ಟವೆಷ್ಟು ಎಂಬ ಪ್ರಶ್ನೆಗೆ ಮಾತ್ರ ಈ ಸಮರ್ಥನೆಯಲ್ಲಿ ಉತ್ತರವಿಲ್ಲ.

ಆರಿಸಿದ್ದು ಯಾರನ್ನು

ಏಪ್ರಿಲ್ 29ರಂದು ತಂಡ ಹೊಸಬನ ಹೆಸರು ಕೂಗಿತು. 20 ವರ್ಷದವ, ಗಟ್ಟಿ ತೋಳು, ಓಟದಲ್ಲಿ ಹೆದರದವನು. ಕಾಲೇಜು ಫುಟ್‌ಬಾಲ್‌ನ ಎರಡನೆಯ ಹಂತದ ವಿಭಾಗದಿಂದ ಬಂದವನು. 2019ರಲ್ಲಿ 287 ಪಾಸ್ ಎಸೆದು 28 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಅಂಕ) ಗಳಿಸಿದ್ದ, ಎದುರಾಳಿಗೆ ಒಂದೂ ಚೆಂಡು ಒಪ್ಪಿಸಿರಲಿಲ್ಲ. ತಂಡ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಎತ್ತಿತ್ತು. 2020ರಲ್ಲಿ ಕೋವಿಡ್ ಋತುವನ್ನೇ ನುಂಗಿತು. ಆಡಿದ್ದು ಒಂದೇ ಪಂದ್ಯ, 30 ಪಾಸ್. ಇಡೀ ಕಾಲೇಜು ಬದುಕಿನಲ್ಲಿ ಅವನು ಎಸೆದ ಪಾಸ್‌ಗಳು 318.

ಈ 318 ಇಡೀ ಪ್ರಕರಣದ ಕೀಲಿ. 2017ರಲ್ಲಿ ಕ್ಯಾನ್ಸಸ್ ಸಿಟಿ ತಂಡವೂ 27ರಿಂದ 10ಕ್ಕೆ ಏರಿ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತ್ತು, ಒಂದು ವರ್ಷ ಅನುಭವಿಯ ಹಿಂದೆ ಕೂರಿಸಿತ್ತು. ಅವನು ಪ್ಯಾಟ್ರಿಕ್ ಮಹೋಮ್ಸ್. ಕೂರಿಸಿ ಬೆಳೆಸುವುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅದೇ. ಆದರೆ ಮಹೋಮ್ಸ್ ಕಾಲೇಜಿನಲ್ಲಿ ಎಸೆದದ್ದು 1,300ಕ್ಕೂ ಹೆಚ್ಚು ಪಾಸ್. ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದವನನ್ನು ಕೂರಿಸಿ ತಿದ್ದುವುದು ಒಂದು, ತಪ್ಪು ಮಾಡಲು ಇನ್ನೂ ಅವಕಾಶವೇ ಸಿಗದವನನ್ನು ಕೂರಿಸುವುದು ಇನ್ನೊಂದು.

ಎರಡನೆಯ ತಿರುವು: ಬೆಂಚು

2021ರಲ್ಲಿ ಹಳಬನೇ ಆಡಲಿ, ಹೊಸಬ ಕಲಿಯಲಿ ಎಂದು ನಿರ್ಧಾರವಾಯಿತು. ಋತುಪೂರ್ವ ಪಂದ್ಯವೊಂದರಲ್ಲಿ ಹೊಸಬನ ಬಲಗೈ ತೋರುಬೆರಳಿನ ಮೂಳೆ ಚಕ್ಕೆ ಎದ್ದಿತು. ಚೆಂಡು ಕೈಬಿಡುವಾಗ ಕೊನೆಗೆ ತಾಗುವ ಬೆರಳು ಅದು. ಆ ನೋವಿನಿಂದ ಎಸೆತದ ವರಸೆಯೇ ಕೆಟ್ಟಿತು. ಅಕ್ಟೋಬರ್‌ನಲ್ಲಿ ಹಳಬ ಗಾಯಗೊಂಡಾಗ ಹೊಸಬ ಮೊದಲ ಸಲ ಅರಿಝೋನಾ ವಿರುದ್ಧ ಆರಂಭದಿಂದ ಆಡಿದ. ತಂಡ 17–10ರಿಂದ ಸೋತಿತು. ಅಂದು ಅವನು 16 ಸಲ ಚೆಂಡು ಹಿಡಿದು ಓಡಿ 89 ಗಜ ಗಳಿಸಿದ, ಮಂಡಿ ನೋಯಿಸಿಕೊಂಡು ಮರಳಿ ಬೆಂಚಿಗೆ ಹೋದ.

ನಿಜವಾದ ಕವಲು ಬಂದದ್ದು ನವೆಂಬರ್‌ನಲ್ಲಿ. ತಂಡ ಮೂರು ಗೆದ್ದು ಐದು ಸೋತಿತ್ತು. ಋತು ಕೈಬಿಟ್ಟಂತೆ ಕಾಣುತ್ತಿತ್ತು. ಮೂರು ಮೊದಲ ಸುತ್ತು ತೆತ್ತು ತಂದವನಿಗೆ ಉಳಿದ ಪಂದ್ಯಗಳನ್ನು ಕೊಟ್ಟು ನೋಡಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಮುಖ್ಯ ತರಬೇತುದಾರರು ಹಳಬನನ್ನೇ ನೆಚ್ಚಿದರು. ತಂಡ ಚೇತರಿಸಿಕೊಂಡು 10 ಗೆಲುವು, 7 ಸೋಲಿನಲ್ಲಿ ಮುಗಿಸಿತು, ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಹಿಂದಿನ ಕಾನ್ಫರೆನ್ಸ್ ಫೈನಲ್‌ವರೆಗೂ ಹೋಗಿ 20–17ರಿಂದ ಸೋತಿತು. ಗೆಲುವಿನ ಪಟ್ಟಿ ನೋಡಿದರೆ ತರಬೇತುದಾರರ ನಿರ್ಧಾರ ನೂರಕ್ಕೆ ನೂರು ಸರಿ. ಡ್ರೆಸ್ಸಿಂಗ್ ಕೊಠಡಿಯಲ್ಲಿ 30 ದಾಟಿದ ಆಟಗಾರರು ಕೂತಿರುವಾಗ, ಈ ವರ್ಷ ಕಲಿಕೆಗೆ ಮೀಸಲು ಎಂದು ಅವರ ಮುಖ ನೋಡಿ ಹೇಳುವುದೂ ಸುಲಭವಲ್ಲ.

ಇಲ್ಲೇ ಈ ವ್ಯವಹಾರದ ಒಳವಿರೋಧ ಬಯಲಾಗುತ್ತದೆ. ಬಲಿಷ್ಠ ತಂಡ ಇಂಥ ಬೆಲೆ ತೆರಬಲ್ಲದು, ಏಕೆಂದರೆ ಅದು ಬಿಟ್ಟುಕೊಡುವ ಮುಂದಿನ ಆಯ್ಕೆಗಳು ಸುತ್ತಿನ ಕೊನೆಯಲ್ಲಿ ಬರುತ್ತವೆ. ಹಸಿ ಹುಡುಗನಿಗೆ ಸೋಲುಗಳನ್ನು ಕಟ್ಟಿಕೊಡುವ ಪುರುಸೊತ್ತು ಮಾತ್ರ ಅದಕ್ಕಿರುವುದಿಲ್ಲ. ದುರ್ಬಲ ತಂಡಕ್ಕೆ ಪುರುಸೊತ್ತಿರುತ್ತದೆ, ಆದರೆ ಅದು ಬಿಟ್ಟುಕೊಡುವ ಪ್ರತಿ ಆಯ್ಕೆಯೂ ಚಿನ್ನ. 2023ರಲ್ಲಿ ಕೆರೊಲಿನಾ ತಂಡ 9ರಿಂದ 1ಕ್ಕೆ ಏರಿತು. ಆ ಋತುವಿನಲ್ಲಿ ಗೆದ್ದದ್ದು ಎರಡೇ ಪಂದ್ಯ, ಬಿಟ್ಟುಕೊಟ್ಟಿದ್ದ 2024ರ ಮೊದಲ ಸುತ್ತು ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಶಿಕಾಗೊ ಪಾಲಾಯಿತು. ನಮ್ಮ ಪ್ರಕರಣದ ತಂಡಕ್ಕೆ ಆ ದುರ್ಗತಿ ಬರಲಿಲ್ಲ. ಅದು ಕೊಂಡದ್ದನ್ನು ಬಳಸಲು ಅದಕ್ಕೆ ಬಿಡುವಾಗಲಿಲ್ಲ, ಅಷ್ಟೆ.

ಮೂರನೆಯ ತಿರುವು: ಪಕ್ಕದ ಮೈದಾನದ ಒಂಟಿ ಆಟಗಾರ

2022ರ ಆರಂಭದಲ್ಲಿ ಹಳಬನನ್ನು ಮಾರಿ ಹೊಸಬನಿಗೆ ತಂಡ ಒಪ್ಪಿಸುವುದೆಂದು ಯೋಜನೆಯಾಗಿತ್ತು. ಮಾರ್ಚ್‌ನಲ್ಲಿ ಹಳಬನಿಗೆ ಭುಜದ ಶಸ್ತ್ರಚಿಕಿತ್ಸೆಯಾಯಿತು, ಕೊಳ್ಳುವವರು ಹಿಂದೆ ಸರಿದರು. ಜುಲೈನಲ್ಲಿ ಶಿಬಿರ ಆರಂಭವಾದಾಗ ಇದು ಇನ್ನು ಹೊಸಬನ ತಂಡವೆಂದು ಘೋಷಣೆಯಾಯಿತು. ಹಳಬನನ್ನು ತಂಡದ ಸಭೆಗಳಿಗೆ ಸೇರಿಸಲಿಲ್ಲ. ತಂಡವೆಲ್ಲ ಒಂದು ಮೈದಾನದಲ್ಲಿ ಅಭ್ಯಾಸ ಮಾಡುವಾಗ ಅವನು ಪಕ್ಕದ ಮೈದಾನದಲ್ಲಿ ಒಬ್ಬನೇ ಚೆಂಡು ಎಸೆದುಕೊಂಡು ಭುಜ ಸರಿಮಾಡಿಕೊಳ್ಳುತ್ತಿದ್ದ.

ಅವನನ್ನು ಹಾಗೇ ಬಿಡುಗಡೆ ಮಾಡುವುದು ಎಲ್ಲರೂ ನಿರೀಕ್ಷಿಸಿದ್ದ ಹೆಜ್ಜೆ. ಹೊಸಬನ ಆತ್ಮವಿಶ್ವಾಸಕ್ಕೂ ಅದೇ ಒಳ್ಳೆಯದು ಎಂಬ ಮಾತು ಜೋರಾಗಿತ್ತು. ಆಗಸ್ಟ್ ಕೊನೆಯಲ್ಲಿ ಆಡಳಿತ ಬೇರೆಯದೇ ಮಾಡಿತು. ಖಾತರಿಯಿಲ್ಲದ 2.4 ಕೋಟಿ ಡಾಲರ್ ಚಿಲ್ಲರೆಯ ಸಂಬಳವನ್ನು ಖಾತರಿಯ 65 ಲಕ್ಷಕ್ಕೆ ಇಳಿಸಿ, ಆಡಿದರೆ ಮೇಲೆ ಇಷ್ಟಿಷ್ಟು ಎಂದು ಬರೆದು ಅವನನ್ನು ಉಳಿಸಿಕೊಂಡಿತು. ತಮ್ಮ ಯೋಜನೆಯ ಬಗ್ಗೆ ತಮಗೇ ಅನುಮಾನವಿದೆಯೇ ಎಂದು ಜನ ಕೇಳುತ್ತಾರೆಂದು ಗೊತ್ತಿದ್ದೂ ಹೀಗೆ ಮಾಡಿದರು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ನಿರ್ಧಾರ ಇದು. ದೊಡ್ಡ ಪಣ ಒಡ್ಡಿದವರು ಅದರ ಮೇಲಿನ ನಂಬಿಕೆಯನ್ನು ತೋರಿಸಲು ಉಳಿದ ದಾರಿಗಳನ್ನು ತಾವೇ ಮುಚ್ಚುತ್ತಾರೆ. ಇವರು ಮುಚ್ಚಲಿಲ್ಲ.

ಅದೇ ವರ್ಷದ ಡ್ರಾಫ್ಟ್‌ನಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ಮೊದಲ ಸುತ್ತು ಇಲ್ಲದ ಕಾರಣ ತಂಡದ ಮೊದಲ ಸರದಿ ಬಂದದ್ದೇ 61ಕ್ಕೆ. ಎಲ್ಲ ಮುಗಿಯುವ ಹೊತ್ತಿಗೆ, 262ನೆಯ ಆಯ್ಕೆಯಲ್ಲಿ, ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆದುಕೊಂಡರು. ಅದು ಆ ವರ್ಷದ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ.

ಏನಾಯಿತು

ಸೆಪ್ಟೆಂಬರ್‌ನ ಮೊದಲ ಪಂದ್ಯ ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ. ಮಳೆ ಸುರಿದು ಹುಲ್ಲಿನ ಮೇಲೆ ನೀರು ನಿಂತಿತ್ತು. ಗೆದ್ದ ಶಿಕಾಗೊ ಆಟಗಾರರು ಕೊನೆಗೆ ಆ ನೀರಿನಲ್ಲೇ ಜಾರಿ ಆಡಿದರು. ಹೊಸಬನ ತಂಡ 19–10ರಿಂದ ಸೋತಿತು. ಮರುವಾರ ಸಿಯಾಟಲ್ ವಿರುದ್ಧ, ಮೊದಲ ಕಾಲುಭಾಗದಲ್ಲೇ, ಅವನೇ ಚೆಂಡು ಹಿಡಿದು ಮಧ್ಯದಿಂದ ಓಡುವಂತೆ ಹೆಣೆದ ಆಟವೊಂದರಲ್ಲಿ ಅವನ ಪಾದದ ಕೀಲು ಮುರಿಯಿತು. ಋತು ಅಲ್ಲಿಗೆ ಮುಗಿಯಿತು. ಪಕ್ಕದ ಮೈದಾನದಲ್ಲಿ ಬೇಸಿಗೆ ಕಳೆದ ಹಳಬ ಒಳಗೆ ಬಂದು 27–7ರಿಂದ ಪಂದ್ಯ ಗೆಲ್ಲಿಸಿಕೊಟ್ಟ.

ಡಿಸೆಂಬರ್ ಆರಂಭದಲ್ಲಿ ಹಳಬನ ಪಾದವೂ ಮುರಿಯಿತು. ಕಡೆಯವನು ಬಂದ. ಬಂದವನು ಸೋಲಲೇ ಇಲ್ಲ. ತಂಡ ಸತತ ಹತ್ತು ಗೆಲುವಿನೊಂದಿಗೆ 13 ಗೆಲುವು, 4 ಸೋಲಿನಲ್ಲಿ ಮುಗಿಸಿ ಮತ್ತೆ ಕಾನ್ಫರೆನ್ಸ್ ಫೈನಲ್ ತಲುಪಿತು. ಅಲ್ಲಿ ಅವನ ಮೊಣಕೈ ಸ್ನಾಯುಬಂಧ ಹರಿಯಿತು, ಬದಲಿಗೆ ಬಂದವನ ತಲೆಗೆ ಪೆಟ್ಟಾಯಿತು, ಎಸೆಯಲಾಗದ ಕೈಯಲ್ಲೇ ಕಡೆಯವನು ಮತ್ತೆ ಇಳಿಯಬೇಕಾಯಿತು. 31–7ರ ಸೋಲು. ಆ ಪಂದ್ಯದ ನಂತರ ಲೀಗ್ ತನ್ನ ನಿಯಮವನ್ನೇ ಬದಲಿಸಿ ತುರ್ತು ಮೂರನೆಯ ಕ್ವಾರ್ಟರ್‌ಬ್ಯಾಕ್‌ಗೆ ಅವಕಾಶ ಕೊಟ್ಟಿತು.

ನಾಲ್ಕನೆಯ ತಿರುವು 2023ರ ಆಗಸ್ಟ್‌ನಲ್ಲಿ. ಕಡೆಯವನೇ ಮೊದಲಿಗ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಎರಡನೆಯ ಸ್ಥಾನಕ್ಕಾದರೂ ಹೊಸಬ ಬರುತ್ತಾನೆಯೇ ಎಂಬ ಪೈಪೋಟಿಯಲ್ಲಿ ಹೊರಗಿನಿಂದ ಬಂದ ಒಬ್ಬ ಗೆದ್ದ. ಅವನೂ 2018ರಲ್ಲಿ ಮೂರನೆಯ ಆಯ್ಕೆಯಾಗಿದ್ದವನೇ, ಅವನಿಗಾಗಿಯೂ ಒಂದು ತಂಡ ಮೂರು ಎರಡನೆಯ ಸುತ್ತುಗಳನ್ನು ಸೇರಿಸಿ ಕೊಟ್ಟು 6ರಿಂದ 3ಕ್ಕೆ ಏರಿತ್ತು. ಎರಡು ದಿನಗಳ ಬಳಿಕ, ಆಗಸ್ಟ್ 25ರಂದು, ಹೊಸಬನನ್ನು ಒಂದು ನಾಲ್ಕನೆಯ ಸುತ್ತಿಗೆ ಡಲ್ಲಾಸ್‌ಗೆ ಕೊಟ್ಟುಬಿಟ್ಟರು. ನಾಲ್ಕು ವರ್ಷಕ್ಕೆ ಸುಮಾರು 3.4 ಕೋಟಿ ಡಾಲರ್ ಖಾತರಿ ಪಡೆದವನು ಈ ತಂಡಕ್ಕಾಗಿ ಆರಂಭದಿಂದ ಆಡಿದ್ದು ನಾಲ್ಕು ಪಂದ್ಯ, ಎಸೆದದ್ದು 102 ಪಾಸ್. ಕಾಲೇಜಿನ ಆ ಒಂಟಿ ಪಂದ್ಯದ 30 ಸೇರಿಸಿದರೆ, 2020ರಿಂದ 2022ರವರೆಗಿನ ಮೂರು ಋತುಗಳಲ್ಲಿ 132. ಲೀಗಿನಲ್ಲಿ ಪೂರ್ಣ ಋತು ಆಡುವವನು ಒಂದೇ ವರ್ಷದಲ್ಲಿ 500 ದಾಟುತ್ತಾನೆ.

ಹಾಕಿದ ಬೆಲೆ ನೆನೆದು ಇನ್ನೊಂದು ವರ್ಷ ಇಟ್ಟುಕೊಳ್ಳುವುದು ಯಾವ ಆಡಳಿತಕ್ಕೂ ಸುಲಭವಾಗಿತ್ತು. ಹೀಗೆ ಇಟ್ಟುಕೊಂಡು ಹಾಳಾದ ತಂಡಗಳು ಬೇಕಾದಷ್ಟಿವೆ. ಇವರು ನಷ್ಟವನ್ನು ಎಲ್ಲರ ಮುಂದೆ ಒಪ್ಪಿ ಕೈತೊಳೆದುಕೊಂಡರು. ಬಂದ 124ನೆಯ ಆಯ್ಕೆಯಲ್ಲಿ ಮರುವರ್ಷ ಒಬ್ಬ ಸೇಫ್ಟಿ, ಅಂದರೆ ರಕ್ಷಣೆಯ ಹಿಂಬದಿಯಲ್ಲಿ ಆಡುವವನು, ಸಿಕ್ಕಿದ.

ಮಾರಿದ ತಂಡದ ಕಡೆಯಿಂದ

ಮಾರಿದ ತಂಡ 2020ರಲ್ಲೇ ತನ್ನ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡಿತ್ತು, ಹಾಗಾಗಿ ಮೂರನೆಯ ಸರದಿಯ ಅಗತ್ಯವಿರಲಿಲ್ಲ. ಅದು ಸುಮ್ಮನೆಯೂ ಕೂರಲಿಲ್ಲ. ಅದೇ ದಿನ 12ನೆಯ ಆಯ್ಕೆಗೆ ತನ್ನದೇ 2022ರ ಮೊದಲ ಸುತ್ತನ್ನೂ ಸೇರಿಸಿ 6ಕ್ಕೆ ಏರಿ ಒಬ್ಬ ರಿಸೀವರ್‌ನನ್ನು, ಅಂದರೆ ಎಸೆದ ಚೆಂಡು ಹಿಡಿಯುವವನನ್ನು, ತಂದಿತು. ಕೊಂಡ ತಂಡದಿಂದ ಬಂದ 2022ರ ಮೊದಲ ಸುತ್ತನ್ನು ಮತ್ತೊಬ್ಬ ಖ್ಯಾತ ರಿಸೀವರ್‌ಗಾಗಿ, 2023ರದ್ದನ್ನು ಒಬ್ಬ ರಕ್ಷಣಾ ಆಟಗಾರನಿಗಾಗಿ ಬಳಸಿತು. ಇನ್ನೂ ಯಾರೆಂದು ಗೊತ್ತಿಲ್ಲದ ಹುಡುಗರ ಬದಲು ಆಡಿ ತೋರಿಸಿದವರನ್ನು ಪಡೆಯಿತು.

12ನೆಯ ಆಯ್ಕೆ ಕೈಯಿಂದ ಕೈಗೆ ಸಾಗಿ ಡಲ್ಲಾಸ್ ತಲುಪಿತು. ಅಲ್ಲಿ ಆರಿಸಲ್ಪಟ್ಟವನು ಆ ವರ್ಷದ ಶ್ರೇಷ್ಠ ಹೊಸ ರಕ್ಷಣಾ ಆಟಗಾರನಾದ. ಕೊಂಡ ತಂಡ 12ರಲ್ಲೇ ಉಳಿದಿದ್ದರೆ ಅವನನ್ನೇ ಆರಿಸುತ್ತಿತ್ತು ಎನ್ನಲು ಆಧಾರವಿಲ್ಲ. ಹಾಗೆ ಕೂಡಿ ಕಳೆಯುವವರು ಬಹಳ, ಅದು ಲೆಕ್ಕವಲ್ಲ, ಹಳಹಳಿಕೆ.

ಇದರಿಂದ ತಿಳಿಯುವುದೇನು

ಈ ವ್ಯವಹಾರವನ್ನು ಲೀಗಿನ ಇತಿಹಾಸದ ದೊಡ್ಡ ಎಡವಟ್ಟುಗಳ ಸಾಲಿಗೆ ಸೇರಿಸುವವರಿದ್ದಾರೆ. ಆಟಗಾರನ ಮಟ್ಟಿಗೆ ಅದು ನಿಜ. ತಂಡದ ಮಟ್ಟಿಗೆ ಚಿತ್ರ ಬೇರೆ. 2022, 2023ರಲ್ಲಿ ಮೊದಲ ಸುತ್ತು ಇರಲಿಲ್ಲ, 2023ರಲ್ಲಿ ಮೊದಲ ಸರದಿಯೇ 87ಕ್ಕೆ ಬಂತು. ಆದರೂ ಅದೇ ತಂಡ 2024ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಆಡಿ ಹೆಚ್ಚುವರಿ ಅವಧಿಯಲ್ಲಿ 25–22ರಿಂದ ಸೋತಿತು. ಎದುರಿಗಿದ್ದವನು ಮಹೋಮ್ಸ್.

ಇಂಥ ನಿರ್ಧಾರದ ಮುಂದೆ ಕೂತವರು ಬೆಲೆಯ ಪಟ್ಟಿಗಿಂತ ಮೊದಲು ಪಂದ್ಯಗಳ ಪಟ್ಟಿ ತೆಗೆಯಬೇಕು ಎಂದು ನನಗನಿಸುತ್ತದೆ. ಈ ಹುಡುಗನಿಗೆ ಮುಂದಿನ ಎರಡು ವರ್ಷಗಳಲ್ಲಿ ಎಷ್ಟು ಪಂದ್ಯ ಕೊಡಬಲ್ಲೆವು, ಅವುಗಳಲ್ಲಿ ಎಷ್ಟು ಸೋಲನ್ನು ತಡೆದುಕೊಳ್ಳಬಲ್ಲೆವು? 2021ರ ಮಾರ್ಚ್‌ನಲ್ಲಿ ಇದನ್ನು ಪ್ರಾಮಾಣಿಕವಾಗಿ ಬರೆದಿದ್ದರೆ, 318 ಪಾಸ್‌ನ ಹುಡುಗ ಎಷ್ಟೇ ಪ್ರತಿಭಾವಂತನಾದರೂ ಈ ತಂಡಕ್ಕೆ ಹೊಂದುವವನಲ್ಲ ಎಂಬುದು ಕಾಗದದ ಮೇಲೆ ಕಾಣುತ್ತಿತ್ತು. ಗಾಯಗಳು ದುರದೃಷ್ಟ, ನಿಜ. ಗಾಯವಾಗದಿದ್ದರೂ 2021ರಲ್ಲಿ ಅವನು ಬೆಂಚಿನಲ್ಲೇ ಇರುತ್ತಿದ್ದ.

ಕಡೆಯವನ ಕಥೆಯನ್ನು ತೋರಿಸಿ, ಮೇಲಿನ ಆಯ್ಕೆಗಳೇ ವ್ಯರ್ಥ ಎನ್ನುವುದು ಇನ್ನೊಂದು ಅತಿರೇಕ. 262ರಲ್ಲಿ ಇಂಥವನು ಸಿಗುತ್ತಾನೆಂದು ಯಾವ ತಂಡವೂ ಯೋಜನೆ ಹಾಕಲಾಗದು. ಹಾಗೆ ಖಚಿತವಾಗಿ ಗೊತ್ತಿದ್ದಿದ್ದರೆ ಇದೇ ತಂಡ ಅವನನ್ನು 61ರಲ್ಲೇ ಕರೆಯುತ್ತಿತ್ತು. ಯೋಜಿಸಬಹುದಾದದ್ದು ಒಂದೇ: ದೊಡ್ಡ ಪಣ ಒಡ್ಡಿದ ಮೇಲೂ ಸಣ್ಣ ಪಣಗಳನ್ನು ನಿಲ್ಲಿಸದಿರುವುದು.

ಒಂದು ದೃಷ್ಟಿಯಿಂದ ವ್ಯವಹಾರದ ಮೂಲ ಉದ್ದೇಶ ಈಡೇರಿತು. ನಾಲ್ಕು ವರ್ಷ ಅಗ್ಗದ, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. 2023ರ ಋತುವಿನಲ್ಲಿ ಸೂಪರ್ ಬೌಲ್‌ಗೆ ಕರೆದೊಯ್ದ ಕಡೆಯವನ ಆ ವರ್ಷದ ಮೂಲ ಸಂಬಳ 8.7 ಲಕ್ಷ ಡಾಲರ್. 2025ರ ಮೇ ತಿಂಗಳಲ್ಲಿ ಅವನು ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ. ಅಗ್ಗದ ಕಾಲ ಅಲ್ಲಿಗೆ ಮುಗಿಯಿತು, ಕಪ್ ಇನ್ನೂ ಬಂದಿರಲಿಲ್ಲ.